ಅಳಿಯಂದಿರ ಟೂಲು, ಮೊಮ್ಮಗಳ ತೊಟ್ಟಿಲು

ನಮ್ಮ ಅಳಿಯಂದಿರಿಗೆ ಗೋಡೆಗೊಂದು ಮೊಳೆ ಹೊಡೆಯಲು ಹೇಳಿ ನೋಡಿ. ಅವರು ಮೊದಲು ಸುತ್ತಿಗೆ ಮಾಡುವ ಕಾರ್ಖಾನೆಗೆ ಪಾಯ ತೆಗೆಯುತ್ತಾರೆ! ಚಾಡಿ ಹೇಳುತ್ತಿಲ್ಲ ಕಣ್ರೀ. ಮಗಳನ್ನು ಕೊಟ್ಟವಳೂ ನಾನೇ, ಕಣ್ಣಾರೆ ಕಂಡು ಸುಸ್ತಾದವಳೂ ನಾನೇ.

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನೇ ಮೊದಲು ಹೇಳಬೇಕಿತ್ತು, ಮೊಳೆಯ ಗಲಾಟೆಯಲ್ಲಿ ಮರೆತೆ. ಅವಳು ಆಕಳಿಸಿದರೆ ಸಾಕು, ನಾನು ಬೀದಿಯವರನ್ನು ಕರೆದು ತೋರಿಸುತ್ತೇನೆ. ಮಾಕಳಿಯಲ್ಲಿ ನಮ್ಮ ಮನೆ ಮುಂದೆ ಫ್ಯಾಕ್ಟರಿಗೆ ಹೋಗುವ ಹೆಂಗಸರಿಗೆಲ್ಲ ಈಗ ಅವಳ ಆಕಳಿಕೆ ಪರಿಚಯ! ತಾಪತ್ರಯ ಒಂದೇ. ಈ ಮಹಾರಾಣಿಗೆ ನಾನು ತೂಗಿದರೆ ಮಾತ್ರ ನಿದ್ದೆ. ಅಮ್ಮ ತೂಗಿದರೆ ಅಳು, ತಾತ ತೂಗಿದರೆ ರಂಪ. ತೊಟ್ಟಿಲ ಹಗ್ಗ ಎಳೆದು ಎಳೆದು ನನ್ನ ಬಲಭುಜ ಕಿತ್ತು ಬರುವಂತಾಯಿತು. ಡಾಕ್ಟರು "ಆ ಕೈಗೆ ರೆಸ್ಟ್ ಕೊಡಿ ಅಮ್ಮ" ಎಂದರು. ಕೊಡೋಣ, ಆದರೆ ಅವಳಿಗೆ ಹೇಳುವವರು ಯಾರು?

ಸುದ್ದಿ ಅಳಿಯಂದಿರಿಗೆ ಮುಟ್ಟಿತು. ಅವರು ಬೊಮ್ಮಸಂದ್ರದ ಒಂದು ಕಂಪನಿಯಲ್ಲಿ ಮಿಶನ್ನುಗಳಿಗೆ ಪ್ರೋಗ್ರಾಂ ಬರೆಯುವವರು. ರಜಾ ಹಾಕಿ, ಮನೆಯ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದಿಳಿದರು. ಬಸ್ಸಿನಲ್ಲಿ ಅದಕ್ಕೆ ಸೀಟು, ಇವರು ನಿಂತೇ ಬಂದದ್ದು!

"ಬಟ್ಟೆ ಬ್ಯಾಗ್ ಎಲ್ರೀ?" ಅಂದಳು ಮಗಳು.

"ಅಯ್ಯೋ, ಬಸ್ಸಲ್ಲೇ ಬಿಟ್ಬಂದೆ!"

ಅಂದಿನಿಂದ ಮಾವನ ಪಂಚೆಯೇ ಅಳಿಯನಿಗೆ ಯೂನಿಫಾರಂ.

ಅವರ ಯೋಚನೆ ಇದು: ಮಗು ಅತ್ತರೆ ತಾನೇ ತೂಗುವ ತೊಟ್ಟಿಲು. ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರಿತ್ತು, ಅದನ್ನು ಆಡಿಸಲು ಅಂಗೈಯಷ್ಟು ಎಲೆಕ್ಟ್ರಾನಿಕ್ ಬೋರ್ಡಿತ್ತು.

"ಇನ್ನೇನ್ ಬೇಕು? ಶುರು ಮಾಡಿ" ಎಂದೆ.

"ಪ್ರೋಗ್ರಾಂ ಬರೆಯೋದು ಈ ಕಂಪ್ಯೂಟರಲ್ಲಿ ಅತ್ತೆ, ಓಡಬೇಕಾದ್ದು ಆ ಬೋರ್ಡಲ್ಲಿ. ಎರಡರ ಹೊಟ್ಟೆನೂ ಬೇರೆ. ಇಲ್ಲಿ ಬರೆದಿದ್ದನ್ನ ಅದಕ್ಕೆ ಅರಗೋ ಹಾಗೆ ಮಾಡಿಕೊಡೋ ಟೂಲ್ ಬೇಕು. ಕ್ರಾಸ್ ಕಂಪೈಲರ್ ಅಂತಾರೆ. ಯಾವ್ದು ಅಂತ ಆರಿಸ್ಬೇಕು."

ಇದೇನು ದೊಡ್ಡಸ್ತಿಕೆ? ನನ್ನ ಒಲೆಯೂ ಒಂದೇ. ಬಾಣಂತಿಗೆ ಬೆಳ್ಳುಳ್ಳಿ ಸಾರು, ನಮ್ಮ ಯಜಮಾನರಿಗೆ ಕಣ್ಣಲ್ಲಿ ನೀರು ಬರಿಸುವ ಖಾರದ ಸಾರು. ಅದಕ್ಕೆಂದು ನಾನು ಸೌಟು ಆರಿಸುತ್ತಾ ವಾರಗಟ್ಟಲೆ ಕೂರುತ್ತೇನೆಯೇ?

ಇವರು ಕೂತರು. ಕಂಪನಿಯ ಟೂಲು ಆಫೀಸಿನ ಹೊಸಿಲು ದಾಟುವುದಿಲ್ಲವಂತೆ, ಥೇಟ್ ಹಳೇ ಕಾಲದ ಸೊಸೆ! ಇನ್ನೊಂದು ಇಂಟರ್‌ನೆಟ್ಟಿನಲ್ಲಿ ರೆಡಿಯಾಗಿ, ಬಿಟ್ಟಿಯಾಗಿ ಸಿಗುತ್ತಿತ್ತು. ಮತ್ತೊಂದನ್ನು ಬುಡದಿಂದ ನಾವೇ ಕಟ್ಟಿಕೊಳ್ಳಬೇಕು. ಇವರು ಯಾವುದನ್ನು ಹಿಡಿದರೆಂದು ಬೇರೆ ಹೇಳಬೇಕೆ?

"ರೆಡಿ ಸಿಗೋವಾಗ ಯಾಕ್ರೀ ಈ ಒದ್ದಾಟ?"

"ಅದರೊಳಗೆ ಏನೇನ್ ಹಾಕಿದಾರೋ ಏನೋ ಅತ್ತೆ. ಬಾಣಂತಿಗೆ ನೀವು ಪ್ಯಾಕೆಟ್ ಸಾರಿನ ಪುಡಿ ಹಾಕ್ತೀರಾ?"

ನಾನು ಬೆಳ್ಳುಳ್ಳಿ ಸುಲಿಯಲು ಒಳಗೆ ನಡೆದೆ!

ಟೂಲು ಕಟ್ಟುವ ಕೆಲಸ ಬೆಳಿಗ್ಗೆ ಶುರುವಾಯಿತು. ಪರದೆಯ ಮೇಲೆ ಇರುವೆ ಸಾಲಿನ ಹಾಗೆ ಅಕ್ಷರ ಹರಿದವು, ಹರಿದವು, ಸಂಜೆಯವರೆಗೂ ಹರಿದವು. ಇನ್ನೇನು ಮುಗಿಯಿತು ಅನ್ನುವಾಗ ಕರೆಂಟ್ ಹೋಯಿತು. ಯುಪಿಎಸ್ ಕೀಂಯ್ ಕೀಂಯ್ ಎಂದು ಅರಚಿಕೊಂಡು ಪ್ರಾಣ ಬಿಟ್ಟಿತು. ಆ ಅರಚಾಟಕ್ಕೆ ಮಗು ಎದ್ದಿತು. ತೂಗಿದವರು ಯಾರು? ನಾನೇ!

"ಪೀಣ್ಯದಲ್ಲಿ ನಾನು ಲೇತ್ ಮಿಶನ್ನಿಗೂ ಇಷ್ಟು ಸೇವೆ ಮಾಡಿರ್ಲಿಲ್ಲ ಕಣೇ" ಎಂದರು ಯಜಮಾನರು, ಕತ್ತಲಲ್ಲಿ ತಮ್ಮ ಇನ್ನೊಂದು ಪಂಚೆ ಹುಡುಕುತ್ತಾ.

ಎರಡು ದಿನ ಕಳೆದು "ಬಂತು, ಬಂತು!" ಎಂದು ಕೂಗು. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡುತ್ತಿತ್ತು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿಯೂ ಆಯಿತು. ಬೋರ್ಡಿಗೆ ಹಾಕಿದರೆ ಮಿಸುಕಾಡಲಿಲ್ಲ! ಅಳಿಯಂದಿರು ತಲೆ ಕೆರೆದುಕೊಂಡರು. "ಟೂಲ್ ಕಟ್ಟೋವಾಗ ಬೋರ್ಡಿಗೆ ಅಂತ ಹೇಳೋದೇ ಮರೆತೆ. ಈ ಕಂಪ್ಯೂಟರಿಗೇ ಆಗೋ ಹಾಗೆ ಮಾಡ್ಬಿಟ್ಟಿದೀನಿ."

"ಅಂದ್ರೆ ನಮ್ಮಪ್ಪನ ಖಾರದ ಸಾರು ನನ್ನ ತಟ್ಟೆಗೆ ಬಡಿಸಿದ್ರಿ ಅನ್ನಿ!" ಎಂದಳು ಮಗಳು.

ಕೊನೆಗೆ ಸೋತು ರೆಡಿ ಟೂಲನ್ನೇ ತಂದರು. ತೊಟ್ಟಿಲಲ್ಲಿ ರಾಗಿ ಚೀಲ ಮಲಗಿಸಿದರು. ಮೋಟಾರು ಗುರ್ರೆಂದಿತು, ತೊಟ್ಟಿಲು ತೂಗಿತು! ಫ್ಲೈಓವರಿಗೆಂದು ಅಗೆದಿಟ್ಟ ತುಮಕೂರು ರಸ್ತೆಯಲ್ಲಿ ಬಸ್ಸು ಹೋದ ಹಾಗೆ ತೂಗಿತು, ನಿಜ. ತೂಗಿತಲ್ಲ! ನಾವು ಚಪ್ಪಾಳೆ ತಟ್ಟಿದರೆ ಇವರ ಮುಖ ಇಳಿದಿತ್ತು.

"ಇದೂ ಬೇಡ ಅತ್ತೆ. ಪ್ರೋಗ್ರಾಂನಲ್ಲಿ ತೂಗೋದರ ನಡುವೆ ಸುಮ್ನೆ ಕಾಯೋಕೆ ಸ್ವಲ್ಪ ಜಾಗ ಇಟ್ಟಿದ್ದೆ. ಅಲ್ಲಿ ಏನೂ ಕೆಲಸ ಇಲ್ಲ ಅಂತ ಈ ಟೂಲ್ ಅದನ್ನ ಕಿತ್ತಾಕ್ಬಿಟ್ಟಿದೆ. ಬಲೇ ಜಾಣ ಟೂಲು."

"ಏನೂ ಇಲ್ಲದ ಜಾಗ ಹೋದ್ರೆ ಹೋಗ್ಲಿ ಬಿಡ್ರೀ! ತೂಗ್ತಾ ಇದೆಯಲ್ಲ?"

"ತೂಗುತ್ತೆ. ಆದ್ರೆ ಇವಳು ಮಲಗಲ್ಲ."

ಮತ್ತೆ ಹುಡುಕಾಟ. ನನ್ನ ಭುಜಕ್ಕೆ ಮತ್ತೆ ನೋವಿನೆಣ್ಣೆ. ಸಾಲದ್ದಕ್ಕೆ ಹೊಸದೊಂದು ಚಟ ಹತ್ತಿತು ಇವರಿಗೆ. ನಾನು ತೂಗಲು ಕೂತರೆ ಎದುರಿಗೆ ಬಂದು ಕೂತು, ನನ್ನ ಕೈಯನ್ನೇ ನೋಡುತ್ತಾ ಮಂಡಿಯ ಮೇಲೆ ಬೆರಳು ಕುಟ್ಟುವುದು. ಅಡುಗೆಮನೆಗೆ ಹೋಗಿ ಮಗಳಿಗೆ ಹೇಳಿದೆ: "ನಿನ್ನ ಗಂಡನಿಗೊಂದ್ಸಲ ದೃಷ್ಟಿ ತೆಗಿಯೇ. ನಂಗ್ಯಾಕೋ ಭಯ ಆಗ್ತಿದೆ."

ಮೊನ್ನೆ ಮಧ್ಯಾಹ್ನ ಕರೆದರು. ಈ ಸಲ ಕೂಗಲಿಲ್ಲ, ಪಿಸುಗುಟ್ಟಿದರು. ಬುಡದಿಂದ ಕಟ್ಟಿಕೊಂಡ ಟೂಲನ್ನೇ ಈ ಸಲ ಬೋರ್ಡಿಗೆಂದು ಮತ್ತೆ ಕಟ್ಟಿದ್ದರಂತೆ, ಕೊನೆಗೆ ಅದೇ ಗೆದ್ದಿತ್ತಂತೆ. ತೊಟ್ಟಿಲಲ್ಲಿ ರಾಗಿ ಚೀಲ ಇರಲಿಲ್ಲ, ನನ್ನ ಮೊಮ್ಮಗಳಿದ್ದಳು. ಮುಖ ಹಿಂಡಿ ಒಮ್ಮೆ ಅತ್ತಳು. ತೊಟ್ಟಿಲು ಅಲುಗಿತು. ನಿಧಾನ, ನಿಧಾನ, ನಿಧಾನ, ಆಮೇಲೆ ಚೂರು ನಿಂತಿತು. ಮತ್ತೆ ನಿಧಾನ, ನಿಧಾನ. ಅವಳ ಕಣ್ಣು ಮುಚ್ಚಿಕೊಂಡವು.

"ಮಧ್ಯೆ ಮಧ್ಯೆ ಕೆಟ್ಟು ನಿಲ್ತಿದೆಯಲ್ರೀ?" ಎಂದೆ ಮೆಲ್ಲಗೆ.

"ಕೆಟ್ಟಿಲ್ಲ ಅತ್ತೆ. ಅಲ್ಲಿ ನೀವು ಭುಜ ನೋವಿಗೆ ಕೈ ಬದಲಾಯಿಸ್ತೀರಿ. ಅದಿಲ್ದಿದ್ರೆ ತೂಗ್ತಿರೋದು ಅಜ್ಜಿ ಅಂತ ಇವಳಿಗೆ ಗೊತ್ತಾಗಲ್ಲ."

ನಾನು ಪಕ್ಕದಲ್ಲೇ ಚಾಪೆ ಹಾಸಿಕೊಂಡು ಒರಗಿದೆ. ತೊಟ್ಟಿಲು ಚೂರು ನಿಂತಾಗಲೆಲ್ಲ ನನ್ನ ಎಡಗೈ ತಾನಾಗಿ ಮೇಲೇಳುತ್ತಿತ್ತು. ಹಾಗೆ ಮೂರ್ನಾಲ್ಕು ಸಲ ಎದ್ದದ್ದು ನೆನಪಿದೆ. ಆಮೇಲೆ ನನಗೂ ನಿದ್ದೆ ಬಂತು.