ಖಾಲಿ ಪೆಟ್ಟಿಗೆಯ ಕಂಪನಿಗೆ, ಪಂಪ್ ಒತ್ತುವವನಿಂದ

ಮಾನ್ಯರೇ,

ಇರುವೆಗಳ ಓದಿಗೆಂದೇ ಅಚ್ಚು ಹಾಕಿಸಿದಂತಿರುವ ಅಕ್ಷರಗಳಲ್ಲಿ ತಾವು ಪೆಟ್ಟಿಗೆಯ ಹಿಂಬದಿಗೆ ಬರೆಸಿರುವ ವಿಳಾಸವನ್ನು ಭೂತಗನ್ನಡಿ ಹಿಡಿದು ಓದಿಕೊಂಡು ಈ ಪತ್ರ ಬರೆಯುತ್ತಿರುವ ನಾನು, ತಮಗೂ, ತಮ್ಮ ಸಮಸ್ತ ಸಿಬ್ಬಂದಿಗೂ, ಖಾಲಿ ಪೆಟ್ಟಿಗೆಗಳಿಗೆ ದಣಿವಿಲ್ಲದೆ ಮುಚ್ಚಳ ಹಾಕುತ್ತಿರುವ ತಮ್ಮ ಕಾರ್ಖಾನೆಯ ಯಂತ್ರಕ್ಕೂ ಕ್ಷೇಮ ಕೋರುತ್ತೇನೆ. ಮಂಡಿಯೊಂದನ್ನು ಬಿಟ್ಟರೆ ನಾನೂ ಕ್ಷೇಮ. ಪತ್ರವನ್ನು ನೇರವಾಗಿ ತಮಗೆ ಕಳಿಸದೆ ಪತ್ರಿಕೆಯ ಮೂಲಕ ಕಳಿಸುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ದೂರು ವಿಭಾಗದ ಬಾಗಿಲು ತಟ್ಟಬೇಕಾದರೂ ಮೊದಲು ಒಂದು ಆ್ಯಪ್ ಇಳಿಸಿಕೊಳ್ಳಬೇಕಂತೆ, ಅದನ್ನು ಇಳಿಸಲು ನನ್ನ ಫೋನಿನಲ್ಲಿ ಜಾಗವಿಲ್ಲವಂತೆ. ಕಾಲೇಜಿನಲ್ಲಿ ನಮಗೆ ವ್ಯಾಪಾರದ ಪತ್ರ ಬರೆಯಲು ಕಲಿಸುತ್ತಿದ್ದ ಇಂಗ್ಲಿಷ್ ಮೇಷ್ಟರು, ದೂರನ್ನು ಯಾವತ್ತೂ ‘ಐ ಬೆಗ್ ಟು ಸ್ಟೇಟ್’ ಎಂದೇ ಶುರುಮಾಡಬೇಕು ಎನ್ನುತ್ತಿದ್ದರು. ನನ್ನ ಪದವಿ ಮುಗಿಯಲಿಲ್ಲ, ಇಂಗ್ಲಿಷು ಅರ್ಧ ದಾರಿಯಲ್ಲಿ ಇಳಿದುಹೋಯಿತು, ಆದರೆ ಬೇಡುವ ಅಭ್ಯಾಸ ಮಾತ್ರ ಉಳಿದಿದೆ. ಆದ್ದರಿಂದ, ಐ ಬೆಗ್ ಟು ಸ್ಟೇಟ್.

ನನ್ನ ಕಸುಬು ಪುಸ್ತಕ ಕಟ್ಟುವುದು. ಬರೆಯುವುದಲ್ಲ, ಬರೆದವರ ಹಾಳೆಗಳನ್ನು ಹೊಲಿದು, ಅಂಟು ಬಳಿದು, ರಟ್ಟು ತೊಡಿಸುವುದು. ಈ ಕಸುಬಿನಲ್ಲಿ ಹಾಳೆಗಳ ಕಟ್ಟುಗಳನ್ನು ಒಂದು ಸಲ ಮುಂದಿನಿಂದ, ಒಂದು ಸಲ ಹಿಂದಿನಿಂದ ತಿರುವಿ ನೋಡದೆ ಸೂಜಿ ಮುಟ್ಟುವಂತಿಲ್ಲ. ನನಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ: ‘ರಟ್ಟಿನ ಮೇಲೆ ಹೆಸರು ಹೊಡೆದಾದ್ಮೇಲೆ ಒಳಗೆ ಅದಿಲ್ಲ ಅಂದ್ರೆ ಅದು ಪುಸ್ತಕ ಅಲ್ಲ ಕಣೋ, ಇಟ್ಟಿಗೆ. ಇಟ್ಟಿಗೆಗಾದ್ರೂ ಮರ್ಯಾದೆ ಇದೆ, ಗೋಡೆ ಕಟ್ಟಬಹುದು.’ ಆ ಮುದುಕ ಈಗಿಲ್ಲ. ಇದ್ದಿದ್ದರೆ ತಮ್ಮ ಪೆಟ್ಟಿಗೆಯನ್ನು ಅಂಗೈ ಮೇಲಿಟ್ಟು ತೂಗಿ ನೋಡಿ, ಏನೂ ಅನ್ನದೆ ಚಹಾ ಕುಡಿಯಲು ಹೋಗಿಬಿಡುತ್ತಿದ್ದ. ಅವನು ಮಾತಾಡದೆ ಎದ್ದು ಹೋದರೆ ಅದು ಬೈಗುಳಕ್ಕಿಂತ ಒಂದು ಮೆಟ್ಟಿಲು ಮೇಲೆ.

ಇನ್ನು ನನಗೂ ವಿಡಿಯೋ ಗೇಮಿಗೂ ಎತ್ತಣ ಸಂಬಂಧ ಎಂದು ತಾವು ಕೇಳಬಹುದು. ನನಗೆ ಒಬ್ಬಳೇ ಮಗಳು, ಸರಕು ಸಾಗಿಸುವ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ. ವರ್ಷದ ಬಹುಪಾಲು ನೀರಿನ ಮೇಲಿರುತ್ತಾಳೆ, ರಜೆಯಲ್ಲಿ ಒಂದು ವಾರ ಮನೆಯಲ್ಲಿರುತ್ತಾಳೆ. ತಮ್ಮ ಕಂಪನಿಯದೇ ದೋಣಿಯ ಆಟವೊಂದರ ಮೊದಲ ಭಾಗವನ್ನು ಅವಳೂ ಅವಳ ಅಮ್ಮನೂ ಸೇರಿ ಆಡುತ್ತಿದ್ದರು. ಸೋರುವ ಒಂದು ಹಳೆಯ ದೋಣಿ, ಅದರಲ್ಲಿ ಇಬ್ಬರು. ಒಬ್ಬರು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ಪಂಪ್ ಒತ್ತಿ ನೀರು ಹೊರಗೆ ಹಾಕಬೇಕು. ಮಗಳು ಚುಕ್ಕಾಣಿ, ನನ್ನವಳು ಪಂಪ್. ಹಡಗಿನವಳು ರಜೆಗೆ ಬಂದು ದೋಣಿ ಓಡಿಸುವುದು ಅಡುಗೆಭಟ್ಟ ರಜೆ ಹಾಕಿ ಮನೆಯಲ್ಲಿ ಒಲೆ ಹಚ್ಚಿದ ಹಾಗಲ್ಲವೇ ಎಂದು ನಾನು ಹಂಗಿಸಿದರೆ, ‘ನೀವು ನಿಮ್ಮ ಗೋಂದು ನೋಡ್ಕೊಳ್ರಿ’ ಎಂದು ನನ್ನವಳು ತಿರುಗಿಯೂ ನೋಡದೆ ಹೇಳುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಗೋಂದು ನೋಡಿಕೊಳ್ಳುತ್ತಿದ್ದೆ. ಗೋಡೆಯಾಚೆಯಿಂದ ದೋಣಿ ಮುಳುಗುವ ಸದ್ದು, ಆಮೇಲೆ ಇಬ್ಬರ ನಗು. ಆ ಆಟದ ಡಿಸ್ಕನ್ನು ಟಿವಿಗೆ ಜೋಡಿಸಿದ ಯಂತ್ರದ ಬಾಯಿಗೆ ಕೊಟ್ಟರೆ ಸಾಕು, ಒಗ್ಗರಣೆ ಸಿಡಿಯುವಷ್ಟರಲ್ಲಿ ಆಟ ಶುರು. ಆ ಕಾಲದಲ್ಲಿ ತಮ್ಮ ಸಂಸ್ಥೆ ಪೆಟ್ಟಿಗೆಯೊಳಗೆ ಆಟವನ್ನೇ ಇಡುತ್ತಿತ್ತು. ಈ ಹಳೆಯ ಪದ್ಧತಿಯನ್ನು ತಮಗೆ ನೆನಪಿಸುತ್ತಿರುವುದಕ್ಕೆ ಮನ್ನಿಸಬೇಕು.

ನನ್ನವಳು ತೀರಿಕೊಂಡ ಮೇಲೆ ಮಗಳ ರಜೆಗಳು ಬಹಳ ಶಿಸ್ತಾಗಿ ನಡೆಯತೊಡಗಿದವು. ‘ಊಟ ಆಯ್ತಾ?’ ‘ಆಯ್ತು.’ ‘ನಿದ್ದೆ ಬಂತಾ?’ ‘ಬಂತು.’ ಅರ್ಜಿ ನಮೂನೆ ತುಂಬಿದ ಹಾಗೆ. ಆಟದ ಯಂತ್ರಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದಳು, ನಾನೂ ತೆಗೆದಿರಲಿಲ್ಲ. ಹೀಗಿರುವಾಗ ಆ ಆಟದ ಎರಡನೆಯ ಭಾಗ ಬಂದಿದೆಯೆಂದು ಪೇಟೆಯ ಅಂಗಡಿಯ ಗಾಜಿನಲ್ಲಿ ನೋಡಿದೆ. ಅದೇ ದೋಣಿ, ಅದೇ ಇಬ್ಬರು, ಮೇಲೆ ಚಿನ್ನದ ಬಣ್ಣದಲ್ಲಿ ‘ಸಂಪೂರ್ಣ ಆವೃತ್ತಿ’ ಎಂಬ ಮುದ್ರೆ. ಪಂಪಿನ ಜಾಗ ಖಾಲಿ ಇದೆಯಲ್ಲ, ಒಂದು ಕೈ ನೋಡೋಣ ಎಂದುಕೊಂಡೆ. ಬಟ್ಟೆ ಸರಿಸಿ, ಹಳೆಯ ಭಾಗವನ್ನು ಹಾಕಿ, ಒಬ್ಬನೇ ಕೂತು ಪಂಪ್ ಒತ್ತುವುದನ್ನು ಕಲಿತೆ. ಚುಕ್ಕಾಣಿಗೆ ಯಾರೂ ಇಲ್ಲದ ದೋಣಿ ಪ್ರತಿ ಸಲವೂ ಬಂಡೆಗೆ ಹೊಡೆಯುತ್ತಿತ್ತು, ಆದರೆ ಒಳಗೆ ಒಂದು ಹನಿ ನೀರಿರುತ್ತಿರಲಿಲ್ಲ. ನನಗೆ ಹೆಮ್ಮೆಯಾಯಿತು.

ಪೆಟ್ಟಿಗೆ ಕೊಂಡಾಗ ಅಂಗಡಿಯವನು, ‘ಸರ್, ಇವತ್ತೇ ಮಷಿನ್‌ಗೆ ಹಾಕಿಟ್ಬಿಡಿ, ಇಳಿಯೋದು ಬಹಳ ಇದೆ’ ಎಂದ. ಉಡುಗೊರೆಯನ್ನು ಕೊಡುವ ಮೊದಲೇ ಬಿಚ್ಚಿ ನೋಡು ಎನ್ನುತ್ತಿದ್ದಾನಲ್ಲ, ಇವನ ಮನೆಯಲ್ಲಿ ಹಿರಿಯರು ಏನೂ ಹೇಳಿಕೊಡಲಿಲ್ಲವೇ ಎಂದು ನನಗೆ ಮರುಕವಾಯಿತು. ನಮ್ಮ ಮನೆಯಲ್ಲಿ ನನ್ನವಳು ಹಾಕಿದ ಒಂದು ಕಟ್ಟಳೆ ಇದೆ: ಕಟ್ಟು ಕಟ್ಟಿದ ಕೈ ಅದನ್ನು ಬಿಚ್ಚಕೂಡದು, ಪಡೆದವರೇ ಬಿಚ್ಚಬೇಕು. ಹೀಗಾಗಿ ಒಳ್ಳೆಯ ಬೈಂಡಿಂಗ್ ಕಾಗದ ಸುತ್ತಿ, ಮೂಲೆ ಮಡಚಿ, ನೂಲಿನಿಂದ ಹೊಲಿದು, ಮಗಳು ಬರುವವರೆಗೆ ಕಪಾಟಿನಲ್ಲಿಟ್ಟೆ. ಹಾಳೆಗಳನ್ನು ಎರಡು ಸಲ ತಿರುವಿ ನೋಡದೆ ನಾನು ಹೊಲಿಗೆ ಹಾಕಿದ್ದು ಕಸುಬಿನಲ್ಲಿ ಅದೊಂದೇ ಸಲ. ತಿಂಗಳುಗಟ್ಟಲೆ ತಮ್ಮ ಸಂಪೂರ್ಣ ಆವೃತ್ತಿಯು ನನ್ನ ಕಪಾಟಿನಲ್ಲಿ ಸಂಪೂರ್ಣವಾಗಿ ಅಪೂರ್ಣವಾಗಿ ಕೂತಿತ್ತು ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಮಗಳು ಬಂದವಳು ಚೀಲ ಇಳಿಸಿ, ಹೊಲಿಗೆ ಬಿಚ್ಚಿ, ಪೆಟ್ಟಿಗೆ ನೋಡಿ, ನನ್ನ ಮುಖ ನೋಡಿದಳು. ‘ಪಂಪ್ ಯಾರು?’ ಎಂದಳು. ‘ನಾನು’ ಎಂದೆ. ಅವಳು ಡಿಸ್ಕ್ ಹಾಕಿದಳು. ಪರದೆಯ ಮೇಲೆ ಉದ್ದನೆಯ ಖಾಲಿ ಕೊಳವೆಯೊಂದು ಮೂಡಿತು, ಅದರ ಎಡತುದಿಯಲ್ಲಿ ಸಾಸಿವೆಯಷ್ಟು ನೀಲಿ. ಕಾಯಿರಿ ಎಂದಿತು. ಕಾದೆವು. ಸ್ವಲ್ಪ ಹೊತ್ತಾದ ಮೇಲೆ ಮಗಳು, ‘ಅಪ್ಪಾ, ಇದ್ರಲ್ಲಿ ಆಟ ಇಲ್ಲ. ಇದು ಬರೀ ಬೀಗದ ಕೈ. ಮನೆ ಬೇರೆ ಕಡೆಯಿಂದ ಬರಬೇಕು’ ಎಂದು ವಿವರಿಸಿದಳು. ಬೀಗದ ಕೈಗೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಎಂದು ಕೇಳಿದೆ. ‘ನಮ್ಮ ಹಡಗಲ್ಲಿ ಕಂಟೇನರ್‌ಗಳೂ ಕೆಲವು ಖಾಲಿಯೇ ಹೋಗ್ತವೆ, ಆದ್ರೆ ಅದರ ಮೇಲೆ ಖಾಲಿ ಅಂತ ಬರೆದಿರ್ತಾರೆ’ ಎಂದಳು.

ಇಲ್ಲಿ ತಮ್ಮ ಸಂಸ್ಥೆಯನ್ನು ಮನಃಪೂರ್ವಕ ಹೊಗಳದಿದ್ದರೆ ನನಗೆ ಅನ್ನ ಇಳಿಯದು. ಇಂಗ್ಲಿಷ್ ಮೇಷ್ಟರು ‘ಎನ್‌ಕ್ಲೋಸ್ಡ್ ಪ್ಲೀಸ್ ಫೈಂಡ್’ ಎಂದು ಬರೆದ ಮೇಲೆ ಲಕೋಟೆಯಲ್ಲಿ ಅದು ಇರಲೇಬೇಕು, ಇಲ್ಲದಿದ್ದರೆ ನೌಕರಿ ಹೋಗುತ್ತದೆ ಎಂದು ಹೆದರಿಸುತ್ತಿದ್ದರು. ಒಳಗೆ ಏನೂ ಇಡದೆಯೂ ನೌಕರಿ ಉಳಿಸಿಕೊಳ್ಳಬಹುದೆಂದು, ಬಡ್ತಿಯನ್ನೂ ಪಡೆಯಬಹುದೆಂದು ತಾವು ಜಗತ್ತಿಗೆ ತೋರಿಸಿಕೊಟ್ಟಿದ್ದೀರಿ. ನಮ್ಮ ಕಸುಬಿನವರು ಇದನ್ನು ಮೊದಲೇ ಕಲಿತಿದ್ದರೆ, ಬೆನ್ನಿನ ಮೇಲೆ ಹೆಸರಿರುವ ರಟ್ಟನ್ನಷ್ಟೇ ಮಾರಿ, ಹಾಳೆಗಳನ್ನು ಓದುಗರು ತಮ್ಮ ಖರ್ಚಿನಲ್ಲಿ, ತಮ್ಮ ಬಿಡುವಿನಲ್ಲಿ, ಒಂದೊಂದಾಗಿ ಕಿಟಕಿಯಿಂದ ಬರಮಾಡಿಕೊಳ್ಳಲಿ ಎಂದು ನೆಮ್ಮದಿಯಾಗಿ ಇರಬಹುದಿತ್ತು. ಎಷ್ಟು ಬೆನ್ನುನೋವು ತಪ್ಪುತ್ತಿತ್ತು. ಬರೀ ಬೀಗದ ಕೈ ತೋರಿಸಿ ಮನೆ ಮಾರಿದಿರಿ ಎಂದು ನಾನು ಆಕ್ಷೇಪಿಸುತ್ತಿಲ್ಲ, ಅಡಿಪಾಯ ತೋರಿಸುವುದು ಹೇಗೂ ಹಳೆಯ ಕಾಲದ ಮಾತು.

ನನ್ನ ಫೋನಿನ ಇಂಟರ್ನೆಟ್ಟು ಮಧ್ಯಾಹ್ನದ ಹೊತ್ತಿಗೆ ಕೈಚೆಲ್ಲಿತು. ಮೇಲಿನ ಮಹಡಿಯ ನರ್ಸಮ್ಮನ ಹತ್ತಿರ ಸಾಲ ಕೇಳಿದೆವು. ಪಾಪ, ಕೊಟ್ಟಳು. ಮರುದಿನ ಮೆಟ್ಟಿಲಲ್ಲಿ ಸಿಕ್ಕಿ, ‘ಅಂಕಲ್, ನಿಮ್ಮ ದೋಣಿ ಬರೋವರೆಗೆ ನನ್ನ ಫೋನಲ್ಲಿ ಗುಡ್ ಮಾರ್ನಿಂಗ್ ಕೂಡ ಸಾಯಂಕಾಲ ಬರ್ತಿದೆ’ ಎಂದಳು. ಕೊಳವೆಯ ನೀಲಿ ಬಣ್ಣ ಬಸವನ ಹುಳದಂತೆ ಸಾಗುತ್ತಿತ್ತು. ಯಂತ್ರ ಆರಿಸಿದರೆ ಮತ್ತೆ ಮೊದಲಿಂದ ಬರಬಹುದೆಂಬ ಭಯಕ್ಕೆ ಇಬ್ಬರಲ್ಲೊಬ್ಬರು ಅದರ ಮುಂದೆ ಕೂರಬೇಕೆಂದು ತೀರ್ಮಾನವಾಯಿತು. ಕೊನೆಗೆ ಇಬ್ಬರೂ ಕೂತೆವು.

ಸುಮ್ಮನೆ ಎಷ್ಟು ಹೊತ್ತು ಕೂರುವುದು? ಮಗಳು ಎದ್ದು ಅಡುಗೆಮನೆಯ ಸೋರುವ ನಲ್ಲಿ ಬಿಚ್ಚಿದಳು. ‘ಇದನ್ನ ಬಟ್ಟೆ ಕಟ್ಟಿ ಇಟ್ಕೊಂಡಿದೀಯಲ್ಲಪ್ಪ, ಹಡಗಲ್ಲಿ ಹೀಗೆ ಮಾಡಿದ್ರೆ ಎಲ್ರೂ ಈಜ್ತಾ ಮನೆಗೆ ಬರಬೇಕು’ ಎಂದಳು. ಅಲ್ಲಿಂದ ಇಂಜಿನ್ ಕೋಣೆಯ ಶಾಖದ ಮಾತು ಬಂತು, ಕಿವಿಗೆ ಮುಚ್ಚಳ ಹಾಕಿಕೊಂಡು ಸನ್ನೆಯಲ್ಲೇ ಮಾತಾಡುವ ಸಹೋದ್ಯೋಗಿಗಳ ಮಾತು ಬಂತು, ಅಮ್ಮನ ಸಾವಿನ ಸುದ್ದಿ ಬಂದ ದಿನ ಹಡಗು ಯಾವ ದಡಕ್ಕೂ ಹತ್ತಿರವಿರಲಿಲ್ಲ ಎಂಬ ಮಾತೂ ಬಂತು. ಇದನ್ನು ಅವಳು ನಲ್ಲಿಗೆ ಹೇಳಿದಂತೆ ಹೇಳಿದಳು. ನಾನು ಪರದೆಯ ನೀಲಿಯನ್ನು ನೋಡುತ್ತ ಕೇಳಿಸಿಕೊಂಡೆ. ಕೊಳವೆ ಅರ್ಧ ತುಂಬಿತ್ತು. ‘ಅಮ್ಮ ಪಂಪ್ ಚೆನ್ನಾಗಿ ಒತ್ತುತ್ತಿದ್ದಳಾ?’ ಎಂದು ಕೇಳಿದೆ. ಮಗಳು ನಕ್ಕಳು. ‘ಎಲ್ಲಿ ಬಂತು! ದಡ ಹತ್ರ ಬಂದಾಗ ಬೇಕಂತಲೇ ಕೈ ಬಿಡ್ತಿದ್ದಳು. ದೋಣಿ ಮುಳುಗಿದ್ರೆ ಇನ್ನೊಂದು ಆಟ ಆಡಬೇಕಲ್ಲ. ನಂಗೊತ್ತಿತ್ತು. ನಾನೂ ಸುಮ್ಮನಿರ್ತಿದ್ದೆ.’

ಗೋಡೆಯಾಚೆ ಅಷ್ಟು ವರ್ಷ ಕೂತಿದ್ದರೂ ನನಗೆ ಇದು ತಿಳಿದಿರಲಿಲ್ಲ. ಒಂದು ಹನಿ ನೀರೂ ನಿಲ್ಲದಂತೆ ಒತ್ತಲು ಕಲಿತವನಿಗೆ ಇದನ್ನು ಕೇಳಿ ಹೇಗಾಗಿರಬೇಕೆಂದು ತಮ್ಮ ತಾಂತ್ರಿಕ ವಿಭಾಗದವರು ಊಹಿಸಲಿ.

ಮಾನ್ಯರೇ, ರಜೆ ಮುಗಿಯುವುದಕ್ಕೂ ತಮ್ಮ ಕೊಳವೆ ತುಂಬುವುದಕ್ಕೂ ಸರಿಹೋಯಿತು. ಟ್ಯಾಕ್ಸಿಯವನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾಗ ಪರದೆಯ ಮೇಲೆ ದೋಣಿ ಬಂತು. ಮಗಳು ಚೀಲ ಹೆಗಲಲ್ಲಿಟ್ಟುಕೊಂಡೇ ಗುಂಡಿ ಒತ್ತಿದಳು, ಚುಕ್ಕಾಣಿಯ ಹತ್ತಿರ ಒಬ್ಬಳು ನಿಂತಳು, ಪಂಪಿನ ಹತ್ತಿರ ಒಬ್ಬ ನಿಂತ. ‘ಅಪ್ಪಾ, ಅದು ನೀನು’ ಎಂದಳು. ನೋಡಿಕೊಂಡೆ. ಟೋಪಿ ಹಾಕಿದ್ದೆ. ಇನ್ನೊಂದು ಹಾರ್ನ್ ಬಂತು, ಅವಳು ಹೋದಳು. ಈಗ ಪರದೆಯ ಮೇಲೆ ‘ಇನ್ನೊಬ್ಬ ಆಟಗಾರರಿಗಾಗಿ ಕಾಯಲಾಗುತ್ತಿದೆ’ ಎಂದಿದೆ. ತಮ್ಮ ಸಂಸ್ಥೆ ಹೇಳಿದ ಮಾತುಗಳಲ್ಲಿ ಅಕ್ಷರಶಃ ಸತ್ಯವಾದದ್ದು ಇದೊಂದೇ ಎಂದು ನಾನು ಪ್ರಮಾಣೀಕರಿಸುತ್ತೇನೆ.

ಆದ್ದರಿಂದ ನನ್ನ ಕೋರಿಕೆಗಳು. ಒಂದು, ಮಗಳು ಮರಳಿ ಬರುವವರೆಗೆ ಈ ಆಟವನ್ನು ದಯವಿಟ್ಟು ಉತ್ತಮಪಡಿಸಬೇಡಿ. ತಮ್ಮ ಜಾಣ ಹುಡುಗರೆಲ್ಲರಿಗೂ ಅಲ್ಲಿಯವರೆಗೆ ಸಂಬಳಸಹಿತ ರಜೆ ಕೊಡಿ, ಮನೆಗೆ ಹೋಗಿ ತಂದೆತಾಯಿಯ ನಲ್ಲಿ ರಿಪೇರಿ ಮಾಡಲಿ. ದೋಷಗಳಿದ್ದರೆ ಇರಲಿ, ದೋಣಿ ಸೋರಿದರೆ ಸೋರಲಿ. ಅದು ಸೋರಬೇಕಾದ ದೋಣಿಯೇ. ಇನ್ನೊಂದು, ಅವಳು ಬಂದು ಚೀಲ ಇಳಿಸಿದ ಗಳಿಗೆಯಲ್ಲಿ ಒಂದು ಭಾರೀ ಡೌನ್‌ಲೋಡನ್ನು ತಾವೇ ಖುದ್ದಾಗಿ ಬಿಡುಗಡೆ ಮಾಡಬೇಕು. ಅದು ಅರ್ಧ ರಜೆಯವರೆಗೆ ನಿಧಾನವಾಗಿ ಇಳಿಯಬೇಕು, ಅರ್ಧ ಮುಗಿದ ಕೂಡಲೇ ಪೂರ್ತಿಯಾಗಬೇಕು, ಉಳಿದರ್ಧ ನಾವು ಆಡಬೇಕು. ಇದು ಅಸಾಧ್ಯ ಎಂದು ತಮ್ಮವರು ಹೇಳಬಹುದು. ಆಟವಿಲ್ಲದ ಆಟವನ್ನು ಅಂಗಡಿಯ ಗಾಜಿನೊಳಗೆ ನಿಲ್ಲಿಸಿದವರಿಗೆ ಅಸಾಧ್ಯವಾದದ್ದು ಯಾವುದೆಂದು ನನಗಂತೂ ಹೊಳೆಯುತ್ತಿಲ್ಲ. ನರ್ಸಮ್ಮನ ಗುಡ್ ಮಾರ್ನಿಂಗುಗಳಿಗೆ ಬದಲಿ ವ್ಯವಸ್ಥೆಯನ್ನೂ ಮಾಡಿಕೊಡಬೇಕಾಗಿ ವಿನಂತಿ.

ತಮ್ಮ ಅಮೂಲ್ಯ ಸಮಯವನ್ನು ನಾನು ಇಳಿಸಿಕೊಂಡಿದ್ದಕ್ಕೆ ಕ್ಷಮೆ ಕೋರುತ್ತ, ಕೊಳವೆ ತುಂಬಿದಷ್ಟು ಮಟ್ಟಿಗೆ ಮಾತ್ರ,

ತಮ್ಮ ವಿಶ್ವಾಸಿ,
ಪುಸ್ತಕ ಕಟ್ಟುವವನು

ತಾ.ಕ.: ಪತ್ರ ಮುಗಿಸಿ ಲಕೋಟೆಗೆ ಅಂಟು ಹಚ್ಚುವಾಗ ಪರದೆಯ ಮೇಲೆ ತಮ್ಮ ಸಂದೇಶ ಬಂದಿದೆ, ‘ಹೊಸ ಅಪ್‌ಡೇಟ್ ಸಿದ್ಧವಾಗಿದೆ, ಈಗಲೇ ಅಥವಾ ನಂತರ’ ಎಂದು. ‘ನಂತರ’ ಒತ್ತಿದ್ದೇನೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಒತ್ತುವ ಕೆಲಸದಲ್ಲಿ ನನ್ನನ್ನು ಸೋಲಿಸಲು ತಮ್ಮಿಂದಾಗದು. ಈ ನಡುವೆ ಗೀರು ಬಿದ್ದ ಹಳೆಯ ಡಿಸ್ಕನ್ನು ಹಾಕಿ ಅಭ್ಯಾಸ ಮುಂದುವರಿಸಿದ್ದೇನೆ. ಅದು ಏನನ್ನೂ ಕೇಳದೆ ತೆರೆದುಕೊಳ್ಳುತ್ತದೆ. ನೀರು ಹೊರಹಾಕುವುದು ನನಗೆ ಚೆನ್ನಾಗಿ ಬಂದಿದೆ. ದಡ ಹತ್ತಿರವಾದಾಗ, ಯಾರಿಗೂ ಗೊತ್ತಾಗದ ಹಾಗೆ ಕೈ ಬಿಡುವುದನ್ನು ಈಗ ಕಲಿಯುತ್ತಿದ್ದೇನೆ. ಅದಕ್ಕೆ ತಮ್ಮಲ್ಲಿ ಯಾವ ಡೌನ್‌ಲೋಡೂ ಇಲ್ಲವೆಂದು ಅಂಗಡಿಯವನು ಖಚಿತಪಡಿಸಿದ್ದಾನೆ.