‘ತಾನೇ ಕೆಟ್ಟೋಯ್ತು’ ಮತ್ತು ಒಂದು ಶಾಲು

ಕಡೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ತಲೆ ಚಚ್ಚಿಕೊಳ್ಳುವುದಕ್ಕೂ ಅಷ್ಟೇ. ಬೆಳಿಗ್ಗೆ ಷಟರ್ ಎತ್ತುವುದರೊಳಗೆ ಫೋನು ಬಂದಿರುತ್ತದೆ. ಅದರ ಮೊದಲ ಮಾತು ನಮಸ್ಕಾರ ಅಲ್ಲ, ‘ಸಾರ್, ನಾನೇನೂ ಮಾಡ್ಲಿಲ್ಲ’.

ಅಂಗಡಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಯಾರ ಯಂತ್ರ, ಏನು ತೊಂದರೆ, ಏನು ಕಾರಣ ಅಂತ ಮೂರು ಕಾಲಂ. ಕಾರಣದ ಜಾಗದಲ್ಲಿ ಗಿರಾಕಿ ಹೇಳಿದ್ದನ್ನೇ ಬರೆಯುತ್ತೇನೆ. ಪುಟದ ಮೇಲಿನಿಂದ ಕೆಳಗಿನವರೆಗೂ ‘ತಾನೇ ಕೆಟ್ಟೋಯ್ತು’. ನಡುವೆ ಅಲ್ಲಲ್ಲಿ ‘ಇಲಿ’, ‘ಕರೆಂಟು’, ಎರಡು ಕಡೆ ‘ಭಾವಮೈದ’. ಇಷ್ಟು ವರ್ಷದಲ್ಲಿ ‘ನಾನೇ ಮಾಡ್ದೆ’ ಅಂದ ಒಬ್ಬ ಪುಣ್ಯಾತ್ಮನೂ ಇಲ್ಲ.

ಒಂದು ದಿನ ರೇಗಿಹೋಗಿ ಹೆಂಡತಿಯ ಎದುರಿಗೆ ಶಪಥ ಮಾಡಿದೆ. ಯಾವುದೋ ಸಮಾರಂಭದಲ್ಲಿ ಲ್ಯಾಪ್‌ಟಾಪನ್ನು ಮೈಕ್‌ಸೆಟ್ಟಿಗೆ ಜೋಡಿಸಿಕೊಟ್ಟಿದ್ದಕ್ಕೆ ನನಗೊಂದು ಶಾಲು ಹೊದಿಸಿದ್ದರು. ‘ತಪ್ಪು ನನ್ನದು ಅಂತ ಮೊದಲು ಯಾರು ಒಪ್ಕೋತಾರೋ ಅವರಿಗೆ ಈ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡ್ತೀನಿ’ ಅಂದೆ.

‘ನೀವಾಗಿದ್ರೆ ಒಪ್ಕೋತಿದ್ರಾ?’ ಅಂದಳು.

‘ನಾನು ಯಾಕೆ ತಪ್ಪು ಮಾಡ್ಲಿ?’ ಅಂದೆ.

ಅವಳು ನಕ್ಕು, ಶಾಲನ್ನು ಬೀರುವಿನಲ್ಲಿಟ್ಟು ನುಸಿಗುಳಿಗೆ ಹಾಕಿದಳು. ‘ಅದಿರ್ಲಿ, ನಮ್ಮನೆ ಕಂಪ್ಯೂಟರ್ ಯಾವಾಗ ನೋಡ್ತೀರಾ? ಒಂದಕ್ಷರ ಒತ್ತಿದ್ರೆ ಬರೋಷ್ಟರಲ್ಲಿ ಹಾಲು ಉಕ್ಕುತ್ತೆ.’ ಎಂಟು ತಿಂಗಳಿಂದ ಅವಳು ಅದರಲ್ಲಿ ನಮ್ಮ ಅವ್ವ ಹೇಳುವ ಸೋಬಾನೆ ಪದಗಳನ್ನು ಟೈಪ್ ಮಾಡುತ್ತಿದ್ದಳು. ಅವ್ವ ಎಮ್ಮೆದೊಡ್ಡಿ ಕಡೆಯ ಹೆಣ್ಣು. ಅವಳಿಗೆ ಬರುವಷ್ಟು ಪದ ಈಗ ಯಾರಿಗೂ ಬರುವುದಿಲ್ಲ, ಬರುತ್ತಿದ್ದವೂ ಅವಳಿಗೆ ಒಂದೊಂದೇ ಮರೆಯುತ್ತಿವೆ. ‘ನಾಳೆ ನೋಡ್ತೀನಿ’ ಅಂದೆ. ಆ ನಾಳೆ ಬರಲು ತಿಂಗಳುಗಳೇ ಹಿಡಿದವು.

ಊದುಬತ್ತಿ

ತರೀಕೆರೆಯ ಗೊಬ್ಬರದ ಅಂಗಡಿಯ ಯಜಮಾನರು ಆಯುಧಪೂಜೆಯ ಮಾರನೆಯ ದಿನ ಫೋನು ಮಾಡಿದರು. ‘ಕಂಪ್ಯೂಟರ್ ಕೆಮ್ಮುತ್ತಾ ಇದೆ ಕಣ್ರೀ.’

ಹೋಗಿ ನೋಡಿದೆ. ಸಿಪಿಯುಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಸುತ್ತ ಚೆಂಡುಹೂವಿನ ಹಾರ. ಅಷ್ಟು ಯಾರಾದರೂ ಮಾಡುತ್ತಾರೆ. ಹಿಂದೆ ತಿರುಗಿಸಿದರೆ, ಫ್ಯಾನಿನ ಜಾಲರಿಯ ತೂತುಗಳಲ್ಲಿ ಸಾಲಾಗಿ ಊದುಬತ್ತಿಯ ಕಡ್ಡಿಗಳು! ಎಣಿಸಿದೆ, ಹನ್ನೊಂದು. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಬೂದಿ.

‘ಇಲ್ಲಿ ಯಾಕ್ರೀ ಸಿಗಿಸಿದ್ರಿ?’

‘ತೂತು ಇದ್ವಲ್ಲ ಸಾರ್. ಬಾಳೆಹಣ್ಣಿಗೆ ಚುಚ್ಚಿದ್ರೆ ಹಣ್ಣು ಹಾಳು.’

‘ಹಾಗಾದ್ರೆ ಇದು ಹಾಳಾಗಿದ್ದು ನಿಮ್ಮಿಂದ ಅಂತ ಒಪ್ಕೋತೀರಾ?’

ಯಜಮಾನರು ಬಹಳ ಯೋಚನೆ ಮಾಡಿದರು. ‘ಹಚ್ಚಿದ್ದು ನಾನೇ. ಆದ್ರೆ ಹೊಗೆನ ಒಳಕ್ಕೆ ಎಳ್ಕೊಂಡಿದ್ದು ಅದೇ ಅಲ್ವಾ? ಪಕ್ಕದಲ್ಲಿ ತಕ್ಕಡಿಗೂ ಹಚ್ಚಿದ್ದೆ. ಅದು ಎಳ್ಕೊಳ್ತಾ?’

ಹೊದಿಕೆ

ಅಜ್ಜಂಪುರದಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಕಂಪ್ಯೂಟರ್ ಅರ್ಧ ಗಂಟೆಗೊಂದು ಸಲ ತಾನೇ ಆಫ್ ಆಗುತ್ತದೆ ಎಂದು ನನ್ನನ್ನು ಅಲ್ಲಿಯವರೆಗೂ ಬೈಕಿನಲ್ಲಿ ಕರೆಸಿದರು. ಫೋನಿನಲ್ಲಿ ಕೇಳಿದ್ದೆ, ‘ಗಾಳಿ ಆಡುತ್ತಾ ಸಾರ್?’ ‘ಮನೆಗೆ ನಾಲ್ಕು ಕಿಟಕಿ ಇದೆ’ ಅಂದಿದ್ದರು.

ಹೋದರೆ ಮಾನಿಟರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೊದಿಕೆಯೊಳಗೆ. ಮನೆಯಾಕೆ ದಪ್ಪ ಬಟ್ಟೆಯಲ್ಲಿ, ಅಂಚಿಗೆ ನೆರಿಗೆ ಕೊಟ್ಟು, ನವಿಲು ಕಸೂತಿ ಹಾಕಿ ಹೊಲಿದಿದ್ದರು. ಒಳಗೆ ಕೈಯಿಟ್ಟರೆ ಸಿಪಿಯು ಕಾದ ಕಾವಲಿಯ ಹಾಗಿತ್ತು. ಹೊದಿಕೆ ತೆಗೆದೆ. ಎರಡು ಗಂಟೆ ಅಲ್ಲೇ ಕೂತು ನೋಡಿದೆ, ಒಮ್ಮೆಯೂ ಆಫ್ ಆಗಲಿಲ್ಲ.

‘ಸಾರ್, ಅಷ್ಟು ವರ್ಷ ಮಕ್ಕಳಿಗೆ ತಪ್ಪು ಒಪ್ಕೊಳ್ಳೋದು ಹೇಳಿಕೊಟ್ಟೋರು ನೀವು’ ಅಂದೆ, ಶಾಲಿನ ಆಸೆಯಿಂದ.

‘ಹೌದಪ್ಪಾ. ಹೊದಿಸಬಾರದು ಅಂತ ಮೊದಲೇ ಹೇಳದೆ ಇದ್ದಿದ್ದು ನಿನ್ನ ತಪ್ಪು. ಒಪ್ಕೋ.’

ನಾನು ಬೈಕ್ ಸ್ಟಾರ್ಟ್ ಮಾಡುವಾಗ ಕಿಟಕಿಯಿಂದ ನೋಡಿದೆ. ನವಿಲು ಮತ್ತೆ ಸಿಪಿಯು ಮೇಲೆ ಕೂತಿತ್ತು.

ಅರ್ಧ ರೋಗಿ

ಚೌಳಹಿರಿಯೂರಿನ ಒಬ್ಬರು ಕಂಪ್ಯೂಟರ್ ಆನ್ ಆಗ್ತಿಲ್ಲ ಎಂದರು. ‘ಅಂಗಡಿಗೇ ತನ್ನಿ’ ಅಂದೆ. ಬಿಸಿಲಲ್ಲಿ ಮೊಪೆಡ್ಡಿನಲ್ಲಿ, ಹಿಂದೆ ಹೆಂಡತಿಯನ್ನು ಕೂರಿಸಿ, ಆಕೆಯ ತೊಡೆಯ ಮೇಲೆ ಟವೆಲ್ ಸುತ್ತಿದ ಮಾನಿಟರ್ ಇಟ್ಟು ತಂದರು. ಬರೀ ಮಾನಿಟರ್.

‘ಸಿಪಿಯು ಎಲ್ಲಿ?’

‘ಯಾವುದು, ಕೆಳಗಿರೋ ಆ ಡಬ್ಬನಾ? ಅದಕ್ಕೇನೂ ಆಗಿಲ್ಲ ಸಾರ್, ಅದು ಚೆನ್ನಾಗಿದೆ. ಕಪ್ಪಗಾಗಿರೋದು ಇದೇ.’

ತಲೆಕೆಳಗು

ಸಿಂಗಟಗೆರೆ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿ. ಕಾರ್ಯದರ್ಶಿ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಮಾನಿಟರ್‌ಗೆ ಒಂದು ಸ್ಟ್ಯಾಂಡ್ ಬೇಕು ಸಾರ್, ಜಾರ್ತದೆ.’

ಹೋಗಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಮಾನಿಟರ್ ಮೇಜಿನ ಮೇಲೆ ತಲೆಕೆಳಗಾಗಿ ನಿಂತಿತ್ತು. ಎರಡು ಕಡೆ ಇಟ್ಟಿಗೆ, ಹಿಂದೆ ಗೋಡೆಗೆ ಒರಗಿಸಿದ ಹಿಂಡಿ ಚೀಲ. ಕೆಳಗಿರಬೇಕಾದ ಕಾಲು ಮೇಲೆ ಆಕಾಶ ನೋಡುತ್ತಿತ್ತು, ಅದಕ್ಕೆ ಟೋಪಿ ನೇತುಹಾಕಿದ್ದರು. ಪರದೆಯ ಮೇಲಿನ ಅಕ್ಷರ ಮಾತ್ರ ನೆಟ್ಟಗಿತ್ತು. ಕೀಬೋರ್ಡಿನಲ್ಲಿ ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಚಿತ್ರ ತಿರುಗಿಕೊಳ್ಳುವುದುಂಟು. ಯಾರೋ ಒತ್ತಿದ್ದರು.

‘ಯಾರು ಒತ್ತಿದ್ದು?’

ಕಾರ್ಯದರ್ಶಿ ಅತ್ತ ಇತ್ತ ನೋಡಿ ದನಿ ತಗ್ಗಿಸಿದ. ‘ನಿಮ್ಮ ಹತ್ರ ಯಾಕೆ ಮುಚ್ಚುಮರೆ ಸಾರ್, ನಿಜ ಹೇಳ್ಬಿಡ್ತೀನಿ. ನಾನೇ...’

ನನ್ನ ಕಣ್ಣಮುಂದೆ ಶಾಲು ಬಿಚ್ಚಿಕೊಂಡಿತು. ಹಾರಕ್ಕೆ ಯಾವ ಹೂವು ಅಂತಲೂ ಯೋಚಿಸಿಬಿಟ್ಟೆ.

‘...ನಾನೇ ಸಾರ್ ಇದನ್ನ ತಿರುಗಿಸಿ ಸರಿ ಮಾಡಿದ್ದು. ಕೆಡಿಸಿದ್ದು ಯಾರೋ ಗೊತ್ತಿಲ್ಲ, ತಾನೇ ಆಗಿರ್ಬೇಕು. ಹದಿನೈದು ದಿನದಿಂದ ಒಂದು ದಿನವೂ ಹಾಲು ಅಳೆಯೋದು ನಿಲ್ಲಿಸ್ಲಿಲ್ಲ.’

ನಾನು ಹಲ್ಲು ಕಚ್ಚಿಕೊಂಡು ಆ ಮೂರು ಗುಂಡಿ ಒತ್ತಿದೆ. ಅಕ್ಷರಗಳು ತಮ್ಮ ಜಾಗಕ್ಕೆ ಮರಳಿದವು. ಆದರೆ ಮಾನಿಟರ್ ಇನ್ನೂ ಇಟ್ಟಿಗೆಗಳ ನಡುವೆ ತಲೆಕೆಳಗಾಗಿಯೇ ಇತ್ತಲ್ಲ, ಈಗ ಅಕ್ಷರವೂ ಉಲ್ಟಾ ಕಾಣಿಸಿತು. ಕಾರ್ಯದರ್ಶಿ ಕೂಗಿಕೊಂಡ. ಹಾಲು ಹಾಕಲು ಕ್ಯಾನು ಹಿಡಿದು ನಿಂತಿದ್ದವರೆಲ್ಲ ಒಳಗೆ ಬಗ್ಗಿ ನೋಡಿದರು.

‘ನೋಡ್ರಪ್ಪಾ, ಚೆನ್ನಾಗಿತ್ತು. ಇವ್ರು ಬಂದು ಮುಟ್ಟಿದ್ರು, ಕೆಟ್ಟೋಯ್ತು!’

ನಮ್ಮನೆ

ಕಡೆಗೂ ಒಂದು ಭಾನುವಾರ ಬೆಳಿಗ್ಗೆ ಮನೆಯ ಕಂಪ್ಯೂಟರ್ ಮುಂದೆ ಕೂತೆ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವ್ವ ಪಕ್ಕದಲ್ಲೇ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸಣ್ಣಪುಟ್ಟ ಔಷಧಿಗೆ ಬಗ್ಗುವ ರೋಗ ಅಲ್ಲ ಎಂದುಕೊಂಡು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಒಂದೂವರೆ ಗಂಟೆಯಲ್ಲಿ ಯಂತ್ರ ಕುದುರೆಯ ಹಾಗೆ ಓಡತೊಡಗಿತು. ಹೆಮ್ಮೆಯಿಂದ ಕೂಗಿ ಕರೆದೆ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪರದೆ ನೋಡಿದಳು. ‘ರೀ, ಪದ ಎಲ್ಲಿ? ಈ ಮೊದಲನೇ ಪರದೆ ಮೇಲೇ ಇಟ್ಟಿದ್ನಲ್ಲ?’

ಡೆಸ್ಕ್‌ಟಾಪ್! ‘ಅಲ್ಲಿ ಏನೂ ಇಡಬೇಡಿ, ಅಳಿಸೋ ಮೊದಲು ಅಲ್ಲಿ ನೋಡಿ, ಒಂದು ಕಾಪಿ ಬೇರೆ ಕಡೆ ಇಡಿ’ ಅಂತ ಊರೂರಿನವರಿಗೆ ಬಾಯಿ ನೋಯುವಷ್ಟು ಹೇಳಿದವನು ನಾನು. ನಾನು ನೋಡಿರಲಿಲ್ಲ. ಆದರೂ ಬಾಯಿಂದ ಮಾತು ಸಲೀಸಾಗಿ ಬಂತು.

‘ನಾನೇನೂ ಮಾಡ್ಲಿಲ್ಲ ಕಣೇ. ತಾನೇ ಹೋಗಿದೆ.’

ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಹಾಕಿ ಹುಡುಕಿದೆ. ಸಿಕ್ಕಿದ್ದು ನನ್ನದೇ ಹಳೆಯ ಪಾಸ್‌ಪೋರ್ಟ್ ಸೈಜ್ ಫೋಟೊ, ಹನ್ನೆರಡು ಪ್ರತಿ. ಹನ್ನೆರಡರಲ್ಲೂ ಕಳ್ಳನ ಮುಖ.

‘ಏನ್ಲಾ ಆಯ್ತು?’ ಅಂದಳು ಅವ್ವ.

‘ಪದ ಎಲ್ಲಾ ಹೋಗಿದೆ ಅವ್ವಾ. ಕರೆಂಟು ಹೆಚ್ಚುಕಮ್ಮಿ ಆಗಿರ್ಬೇಕು.’

ಅವ್ವ ಸುಲಿಯುವುದನ್ನು ನಿಲ್ಲಿಸಿದಳು. ‘ಮತ್ತೆ ಹಾಡ್ಬೇಕೇನ್ಲಾ? ಹಾಡಾನ ಅಂದ್ರೆ, ಹಸೆಗೆ ಕರೆಯೋ ಪದ ಅರ್ಧಕ್ಕರ್ಧ ಮರ್ತೋಗದೆ ಕಣೋ. ಅವಳು ಬರ್ಕೊಂಡವ್ಳೆ ಅನ್ನೋ ಧೈರ್ಯದಲ್ಲಿ ನಾನೂ ಬಿಟ್ಬಿಟ್ಟೆ.’

ಆ ಮಾತು ಕೇಳಿ ನನಗೆ ಅಳು ಬಂದುಬಿಟ್ಟಿತು. ನಾಚಿಕೆಯೂ ಆಯಿತು.

‘ಅವ್ವಾ, ಕರೆಂಟಲ್ಲ. ನಾನೇ ಮಾಡ್ದೆ. ನೋಡ್ದೆ ಅಳಿಸ್ಬಿಟ್ಟೆ. ತಪ್ಪು ನನ್ನದು.’

ಹೆಂಡತಿ ದಡದಡನೆ ಅಡುಗೆಮನೆಗೆ ಹೋದಳು. ಅಳಲಿಕ್ಕೆ ಹೋದಳು ಎಂದುಕೊಂಡೆ. ಸಾಸಿವೆ ಡಬ್ಬಿ ಹಿಡಿದು ಬಂದಳು. ಮುಚ್ಚಳ ತೆಗೆದು, ಸಾಸಿವೆಯೊಳಗೆ ಬೆರಳಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದ್ದ ಪೆನ್‌ಡ್ರೈವ್ ಎತ್ತಿ ನನ್ನ ಅಂಗೈಯಲ್ಲಿಟ್ಟಳು.

‘ಎಲ್ಲಾ ಪದ ಇದೆ. ಒಂದು ಕಾಪಿ ಬೇರೆ ಕಡೆ ಇಡಿ ಅಂತ ಊರಿಗೆಲ್ಲ ಹೇಳ್ತಿದ್ರಲ್ಲ, ಕೇಳ್ದೋಳು ನಾನೊಬ್ಳೇ ಇರ್ಬೇಕು.’

‘ಮೊದಲೇ ಹೇಳೋದಲ್ವೇನೇ! ನನ್ನ ಜೀವ ಹೋಗಿತ್ತು!’

‘ಹೇಳಿದ್ರೆ ನೀವು ಒಪ್ಕೋತಿದ್ರಾ?’

ಅಷ್ಟಕ್ಕೇ ಬಿಡಲಿಲ್ಲ. ಬೀರು ತೆಗೆದಳು. ನುಸಿಗುಳಿಗೆ ವಾಸನೆ ಬಡಿಯುತ್ತಿದ್ದ ಶಾಲನ್ನು ಕೊಡವಿ, ಲುಂಗಿ ಬನಿಯನ್ನಿನಲ್ಲಿ ಕೂತಿದ್ದ ನನಗೆ ಹೊದಿಸಿದಳು. ಹಾರ ಇರಲಿಲ್ಲ. ಅವ್ವ ಒಂದು ಹಿಡಿ ಅವರೆಕಾಳನ್ನು ಅಕ್ಷತೆಯ ಹಾಗೆ ತಲೆ ಮೇಲೆ ಹಾಕಿ ಸೋಬಾನೆ ಎತ್ತಿಕೊಂಡಳು, ಅದೂ ಮದುಮಗನನ್ನು ಗೇಲಿ ಮಾಡುವ ಪದ. ಅದೊಂದು ಅವಳಿಗೆ ಒಂದಕ್ಷರವೂ ಮರೆತಿರಲಿಲ್ಲ.

ನಾನು ಕಣ್ಣೊರೆಸಿಕೊಳ್ಳಲು ಶಾಲಿನ ತುದಿ ಎತ್ತಿದೆ. ಹೆಂಡತಿ ತಡೆದಳು.

‘ಗಲೀಜು ಮಾಡ್ಬೇಡಿ. ಮಡಚಿ ಕೊಡಿ, ಮತ್ತೆ ನಿಮಗೇ ಬೇಕಾಗುತ್ತೆ.’