ಹಿಡಿಯದ, ಬಿಡದ ಕ್ಲಚ್ಚಿನ ಮಹಾಸಮರ

ಕಿವಿಗೊಡಿರಿ, ಪೆಟ್ರೋಲುಗಂಧಪ್ರಿಯರೇ! ಇಂಧನದ ದರವು ಗಗನಕ್ಕೇರಿದರೂ ಮನುಷ್ಯನ ವೇಗವ್ಯಾಮೋಹವು ಅಂಗುಲಮಾತ್ರವೂ ಕುಗ್ಗದ ಈ ಕಲಿಯುಗದ ನಡುಹಗಲಿನಲ್ಲಿ, ಹುಬ್ಬಳ್ಳಿಯೆಂಬ ಧೂಳಿಧೂಸರಿತ ಮಹಾನಗರಿಯಲ್ಲಿ, ನಲ್ಲಿ-ಪೈಪುಗಳ ವ್ಯಾಪಾರದಿಂದ ಹೊಟ್ಟೆ ಹೊರೆದು, ವೇಗದಿಂದ ಮಾತ್ರ ಉಸಿರಾಡುತ್ತಿದ್ದ ಗುರುಸಿದ್ಧ ಯಲಿಗಾರನೆಂಬ ವೀರಾಗ್ರಣಿಯ ಕಥನವಿದು.

ಟರ್ಬೋಗರ್ಜಿತವೂ ಭೂಚುಂಬಿಬಂಪರಭೂಷಿತವೂ ನೆರೆಮನೆನಿದ್ರಾಭಂಜಕವೂ ಆದ ಅವನ ಕೆಂಪು ರಥದಲ್ಲಿ, ಭಾರ ತಗ್ಗಲೆಂದು ಹಿಂದಿನ ಸೀಟನ್ನೂ ಸ್ಟೆಪ್ನಿಯನ್ನೂ ನೆಲದ ಹಾಸನ್ನೂ ಕಿತ್ತೊಗೆದು, ಗಡಸು ರೇಸಿಂಗ್ ಕ್ಲಚ್ಚೊಂದನ್ನು ಪ್ರತಿಷ್ಠಾಪಿಸಲಾಗಿತ್ತು. ಆ ಭಾನುವಾರ ಸಂಜೆ ನಾಲ್ಕಕ್ಕೆ ಸರಿಯಾಗಿ, ಊರಾಚೆಯ ಮುಚ್ಚಿದ ಕಾರ್ಖಾನೆಯ ನೆಟ್ಟನೆಯ ಹಾದಿಯಲ್ಲಿ, ಧಾರವಾಡದ ಮಹಾಂತೇಶ ಹಂಚಿನಮನಿಯೊಡನೆ ಅವನಿಗೆ ರಥಸ್ಪರ್ಧೆ. ಪಣವೋ ಘೋರ! ಸೋತವನು, ಇಲ್ಲವೇ ಹೇಳಿದ ಹೊತ್ತಿಗೆ ಗೆರೆಗೆ ಬಾರದವನು, ಒಂದು ವರ್ಷ ಎದುರಾಳಿಯನ್ನು ನಾಲ್ಕು ಮಂದಿಯ ಮುಂದೆ "ಅಣ್ಣಾರ" ಎಂದು ಕರೆಯತಕ್ಕದ್ದು. ಮಹಾಂತೇಶನೋ, ವಯಸ್ಸಿನಲ್ಲಿ ಮೂರು ವರ್ಷ ಕಿರಿಯ!

ಹೀಗಿರುವಲ್ಲಿ ಅಂದೇ ಮಧ್ಯಾಹ್ನ ಹನ್ನೆರಡಕ್ಕೆ, ಮನೆಯಿಂದ ನೂರು ಮಾರು ದಾಟುವಷ್ಟರಲ್ಲಿ, ಗೇರುಗಳು ದಂತಘರ್ಷಣಧ್ವನಿಯಿಂದ ಚೀರಿದವು. ವೀರನು ಗ್ಯಾರೇಜಿಗೆ ಫೋನಾಯಿಸಿದನು: "ಚಾಚಾ, ಕ್ಲಚ್ ಹಿಡೀವಲ್ದು!"

ಅತ್ತ ಲೋಹವೈದ್ಯಶಿರೋಮಣಿಯಾದ ಮೌಲಾಸಾಬ ನದಾಫನು, ಪ್ಲೇಟು ಸವೆದು ಜಾರುತ್ತಿದೆಯೆಂದೇ ಅರಿತು, ಹೊಸ ಪ್ಲೇಟನ್ನು ಒರೆಸಿ ಸಿದ್ಧನಾಗಿ ನಿಂತನು. ರಥವು ಕರ್ರೆನ್ನುತ್ತ ಬಂದೊಡನೆ ಅವನ ಹುಬ್ಬು ಗಂಟಿಕ್ಕಿತು.

"ಹಿಡೀವಲ್ದು ಅಂದ್ರಿ. ಇದು ಬಿಡವಲ್ದಲ್ರೀ!"

"ನಾ ಹಿಡದ್ರ ಅದೂ ಹಿಡಕೊಂಡ ಕುಂತೈತಿ ಚಾಚಾ. ಅದಕ್ಕ ಹಂಗಂದೆ."

"ನೀವು ಹಿಡದಾಗ ಅದು ಬಿಡಬೇಕು. ನೀವು ಬಿಟ್ಟಾಗ ಅದು ಹಿಡೀಬೇಕು. ಇದರಾಗ ಯಾವ್ದು ಹೋಗೈತಿ, ಅದನ್ನ ಹೇಳ್ರಿ."

"ನನ್ನ ಮಾನ ಹೋಗಾಕತ್ತೈತಿ, ಅದನ್ನ ಹೇಳಲ್ಯಾ?"

ಆಗ ಮೌಲಾಸಾಬನು, ಮೂವತ್ತೈದು ಸಂವತ್ಸರಗಳ ಗ್ರೀಸಾಭಿಷೇಕದಿಂದ ಪಾವನವಾದ ಬಾಹುಗಳನ್ನೆತ್ತಿ, ತ್ರಿಲೋಕದ ಸಮಸ್ತ ಯಂತ್ರಗಳ ಗರ್ಭರಹಸ್ಯವೂ ತನಗೆ ಕರತಲಾಮಲಕವೆಂಬ ಗಂಭೀರಾರ್ಥವುಳ್ಳ ವೀರವಾಕ್ಯವನ್ನು, ಬಾಯೊಳಗಿನ ಬೀಡಿಯನ್ನೂ ತೆಗೆಯದೆ ಹೀಗೆ ನುಡಿದನು: "ಸರೀರಿ ಆ ಕಡೆ. ನಾ ನೋಡದ್ದು ಅದ್ಯಾವ ಕ್ಲಚ್?"

ಸಮರವಾರಂಭವಾಯಿತು. ಕ್ಲಚ್ಚಿನ ಎಣ್ಣೆಕೊಳವೆಯಲ್ಲಿ ಗಾಳಿಯೆಂಬ ಮಾಯಾವಿ ಅಡಗಿರುವನೆಂದು ಶಂಕಿಸಿ, ಗುರುಸಿದ್ಧನು ಪೆಡಲನ್ನು ನಲವತ್ತು ಬಾರಿ ತುಳಿದನು. ಒಂದು ಗುಳ್ಳೆಯೂ ಬರಲಿಲ್ಲ. ಸಿಲಿಂಡರು ಸೋರುತ್ತಿದೆಯೋ ಎಂದು ಕೆಳಗೆ ತೆವಳಿ ನೋಡಲು, ಅದು ವೈಶಾಖದ ಕೆರೆಯಂತೆ ಒಣಗಿತ್ತು. ಕ್ಲಚ್ಚನ್ನು ಬಿಡಿಸುವ ಲಿವರೂ ಸಡಿಲವಿಲ್ಲದ ಶಿಲಾಸ್ತಂಭ. ಹೊಡೆತಗಳೆಲ್ಲ ಬರಿದಾದವು, ಗೋಡೆಯ ಗಡಿಯಾರವು ಮೂರನ್ನು ದಾಟಿತು.

"ಗೇರ್‌ಬಾಕ್ಸ್ ಇಳಸಬೇಕು," ಎಂದನು ಮೌಲಾಸಾಬ. "ನಾಳೆ ಸಂಜಿಗೆ ಬರ್ರಿ."

ವೀರನು ಹೌಹಾರಿದನು. "ನಾಳೆ ಸಂಜೀತನಾ ಏನ್ರೀ! ಚಾಚಾ, ಆ ಚೋಟುದ್ದ ಹುಡುಗಗ ನಾ ಅಣ್ಣಾ ಅನ್ಲ್ಯಾ?"

ಇನ್ನೇನು ರಥವನ್ನು ರ‍್ಯಾಂಪಿಗೇರಿಸಬೇಕು, ಆ ಕ್ಷಣಕ್ಕೆ ಆಟೋವೊಂದು ನಿಂತಿತು. ಮಗನು ಉಣ್ಣಲು ಬಾರದುದರಿಂದ ಬುತ್ತಿ ಕಟ್ಟಿಕೊಂಡು ಬಂದ ವೀರಮಾತೆ ಚನ್ನವ್ವನು ಇಳಿದಳು, ಇಳಿದವಳೇ ಕೂಗಿಕೊಂಡಳು.

"ನಿಂದರ್ರಪಾ! ಗ್ರೀಸ್ ಹತ್ತೀತು ಅದಕ!"

ಹಾಗೆಂದು ಚಾಲಕನ ಪಾದಸ್ಥಾನಕ್ಕೆ ಕೈಹಾಕಿ, ಹಳೆಯ ಸೀರೆಗಳನ್ನು ಎಂಟು ಪದರವಾಗಿ ಹೊಲಿದು ಎರಡು ಮಡಿಕೆ ಮಾಡಿ ಪೆಡಲುಗಳ ಕೆಳಗೆ ಹಾಸಿದ್ದ ಕೌದಿಯನ್ನು ಹೊರಗೆಳೆದಳು. "ಮುಂಜಾನೆ ಹಾಸೇನಿ. ಬರೇ ತಗಡಿನ ಮ್ಯಾಲ ಕಾಲಿಟ್ಟು ಹೊಡೀತಾನ, ಥಂಡಿ ಹತ್ತೂದಿಲ್ಲೇನು?"

ಮೌಲಾಸಾಬನು ರಥವನ್ನು ನೇರಗೊಳಿಸಲೆಂದು ಒಳಗೆ ಕುಳಿತು ಪೆಡಲನ್ನೊತ್ತಿದನು. ಅದು ಇದುವರೆಗೆ ನಿಲ್ಲುತ್ತಿದ್ದಲ್ಲಿ ನಿಲ್ಲದೆ, ಇನ್ನೂ ಎರಡು ಬೆರಳು ಕೆಳಗಿಳಿಯಿತು. ಮೊದಲ ಗೇರು, ಮೊಸರಿಗೆ ಚಮಚ ಇಳಿದಂತೆ, ಸದ್ದಿಲ್ಲದೆ ಬಿತ್ತು.

ಆ ಮಹಾಶತ್ರುವಿನ ಮೇಲೆಯೇ ಕಾಲೂರಿ ಆ ಮಹಾಶತ್ರುವನ್ನು ಮೂರು ತಾಸು ಹುಡುಕಿದ್ದ ಇಬ್ಬರು ವೀರರೂ ಪರಸ್ಪರ ಮುಖ ನೋಡಿಕೊಳ್ಳಲಿಲ್ಲ.

"ಏನಾಗಿತ್ತಪಾ ಮೌಲಾಸಾಬ?"

"ಭಾಳ ಒಳಗಿನ ಫಾಲ್ಟ್ ಇತ್ರಿ, ಅವ್ವಾರ. ಈಗ ಹೊಂದಿಸೇನಿ."

"ಹಂಗಾರ ಕೌದಿ ಮತ್ತ ಹಾಸಲ್ಯಾ?"

"ಬ್ಯಾಡ!" ಎಂದು ಇಬ್ಬರೂ ಏಕಕಂಠದಿಂದ ಗರ್ಜಿಸಿದರು.

ಮುದುಕಿಯ ಮುಖವು ಬಾಡಿತು. ಗಂಟೆ ಮೂರೂವರೆ, ಕಾರ್ಖಾನೆಗೆ ಹದಿನೆಂಟು ಕಿಲೋಮೀಟರು, ಬಿಟ್ಟರೆ ಇಪ್ಪತ್ತು ನಿಮಿಷದ ಹಾದಿ. ಜಯಲಕ್ಷ್ಮಿಯು ಮಾಲೆ ಹಿಡಿದು ನಿಂತಿದ್ದ ಆ ಗಳಿಗೆಯಲ್ಲಿ, ತಾಯಿಯ ಮುಖ ನೋಡಲಾರದೆ ವೀರನು ತಡವರಿಸಿದನು: "ಅಂದ್ರ... ಆ ಬಾಜೂ ಹಾಸಬೇ ಯವ್ವಾ. ನಿನ್ನ ಕಾಲಿಗೆ ಆಗ್ತೈತಿ."

ಬಿಲ್ಲಿನಿಂದ ಹೊರಟ ಬಾಣ! ಚನ್ನವ್ವನ ಮುಖವು ಅರಳಿತು. ಕೌದಿಯನ್ನು ಎಡಗಡೆ ಹಾಸಿ, ಬುತ್ತಿಯನ್ನು ತೊಡೆಯ ಮೇಲಿಟ್ಟು, ಸೆರಗು ಸರಿಪಡಿಸಿ, ರಥಾರೂಢಳಾದಳು.

"ಯಾವೂರಿಗೆ ಹೊಂಟಿ ತಮ್ಮಾ?"

"ಇಲ್ಲೇ... ಒಬ್ಬ ದೋಸ್ತನ್ನ ನೋಡಾಕ."

"ನಡಿ ಮತ್ತ. ಸಾವಕಾಶ ಹೊಡಿ. ಜೋರ ಹೋದ್ರ ನನಗ ಹೊಟ್ಟಿ ತೊಳಸತೈತಿ."

ಮುಳ್ಳು ನಲವತ್ತನ್ನು ಮುಟ್ಟಿದಾಗಲೆಲ್ಲ ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು, ಅವನು ಮೂವತ್ತಕ್ಕಿಳಿದನು. ಸೈಕಲ್ಲುಗಳನ್ನು ಪ್ರಯಾಸದಿಂದ ಹಿಂದಿಕ್ಕುತ್ತ, ಟ್ರ್ಯಾಕ್ಟರುಗಳಿಗೆ ವಿನಯದಿಂದ ಹಾದಿ ಬಿಡುತ್ತ, ಆ ಸಿಡಿಲುವೇಗದ ಮಹಾರಥವು ಕಾರ್ಖಾನೆಯ ಗೇಟನ್ನು ಪ್ರವೇಶಿಸಿದಾಗ ನಾಲ್ಕು ಗಂಟೆ ಆರು ನಿಮಿಷ.

ಬಿಳಿ ಗೆರೆಯ ಮೇಲೆ, ಬಾನೆಟ್ಟಿಗೊರಗಿ, ವಾಚನ್ನು ತಟ್ಟುತ್ತ ಮಹಾಂತೇಶನು ನಿಂತಿದ್ದನು. ಹಿಂದೆ ಹದಿನೈದು ಮಂದಿ ದೋಸ್ತರು, ಕಿವಿಗಳನ್ನು ನಿಮಿರಿಸಿ ಕಾದಿದ್ದರು.

ಗುರುಸಿದ್ಧನು ಗಾಜು ಇಳಿಸಿ, ಸ್ಟೇರಿಂಗನ್ನು ನೋಡುತ್ತ ನುಡಿದನು: "ತಡ ಆತ್ರಿ... ಅಣ್ಣಾರ."

ಚನ್ನವ್ವನು ಎಡಗಡೆಯಿಂದ ಬಗ್ಗಿ, ಮಹಾಂತೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಂವಗ ಅಣ್ಣಾ ಅಂತೀಯಲ್ಲೋ! ಇನ್ನೂ ಮೀಸಿ ಸೈತ ಮೂಡಿಲ್ಲ!"